ವೈದ್ಯರಿಲ್ಲದ ಡಿಸ್ಪೆನ್ಸರಿ

‘ಡಿಸ್ಪೆನ್ಸರಿ’ ಎಂಬ ಪದ ನನ್ನ ತಲೆಮಾರಿನ ಕನ್ನಡಿಗರಿಗೆ ಹೊಸದೇನಲ್ಲ. ತಾಲ್ಲೂಕು ಕೇಂದ್ರದ ಹೆಂಚಿನ ಕಟ್ಟಡ, ಜಗಲಿಯ ಬೆಂಚಿನ ಮೇಲೆ ಸರದಿಗಾಗಿ ಕಾಯುವ ರೋಗಿಗಳು, ಒಳಗೆ ಚೀಟಿ ಬರೆದುಕೊಡುವ ವೈದ್ಯರು, ಮನೆಯಿಂದ ತಂದ ಸೀಸೆಗೆ ಔಷಧ ತುಂಬಿ, ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಗದದ ಪಟ್ಟಿ ಅಂಟಿಸಿ ಕೊಡುವ ಕಾಂಪೌಂಡರ್ - ಇಷ್ಟೂ ಆ ಒಂದು ಪದದಲ್ಲಿ ಅಡಗಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂದು ಈ ಪದಕ್ಕೆ ಬೇರೊಂದು ಅರ್ಥ ರೂಢಿಯಾಗಿದೆ. ಅಲ್ಲಿ ಡಿಸ್ಪೆನ್ಸರಿ ಎಂದರೆ ಸರ್ಕಾರದಿಂದ ಪರವಾನಗಿ ಪಡೆದು ಗಾಂಜಾ ಮಾರುವ ಅಂಗಡಿ. ಅಲ್ಲಿ ವೈದ್ಯರೂ ಇಲ್ಲ, ಕಾಂಪೌಂಡರೂ ಇಲ್ಲ. ಆದರೆ ಬಾಗಿಲಲ್ಲಿ ನಿಲ್ಲುವವರ ಪೈಕಿ ಅಮಲಿಗಾಗಿ ಬರುವ ಯುವಕರಷ್ಟೇ ಅಲ್ಲದೆ, ಮಂಡಿ ಹಿಡಿದುಕೊಂಡು ಬರುವ ವೃದ್ಧರೂ ಇರುತ್ತಾರೆ.

ಅಮೆರಿಕದಲ್ಲಿ 2025ರ ವೇಳೆಗೆ 24 ರಾಜ್ಯಗಳು ವಯಸ್ಕರಿಗೆ ಗಾಂಜಾ ಬಳಕೆಯನ್ನು ಕಾನೂನುಬದ್ಧಗೊಳಿಸಿದ್ದವು. ವೈದ್ಯಕೀಯ ಕಾರಣಕ್ಕೆ ಅದನ್ನು ಒಪ್ಪಿದ ರಾಜ್ಯಗಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಹಾಗೆ ಒಪ್ಪಿದ ರಾಜ್ಯಗಳಲ್ಲಿ ದೀರ್ಘಕಾಲದ ನೋವಿನಿಂದ ಬಳಲುವ ವಯಸ್ಕರ ಪೈಕಿ ಹತ್ತರಲ್ಲಿ ಮೂವರು ನೋವು ನಿವಾರಣೆಗೆ ಗಾಂಜಾ ಬಳಸಿದ್ದಾಗಿ ಹೇಳಿರುವುದನ್ನು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದಾಖಲಿಸಿದೆ. ಇಷ್ಟು ಜನ ಒಂದು ವಸ್ತುವನ್ನು ಔಷಧವೆಂದು ಭಾವಿಸಿ ಅಂಗಡಿಯಿಂದ ಕೊಂಡು ಸೇವಿಸುತ್ತಿರುವಾಗ, ಅದು ಸರಿಯೋ ತಪ್ಪೋ ಎಂಬ ನೈತಿಕ ಚರ್ಚೆಗಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಕಾನೂನು ಬದಲಾದ ಮೇಲೆ ನೋವಿನಲ್ಲಿರುವ ಮನುಷ್ಯನಿಗೆ ನಿಜಕ್ಕೂ ದೊರೆತದ್ದೇನು?

ಈ ಬದಲಾವಣೆಯ ಮೂಲದಲ್ಲಿ ವ್ಯಾಪಾರವಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಏಡ್ಸ್ ಕಂಗೆಡಿಸಿತ್ತು. ಊಟ ಸೇರದೆ, ವಾಂತಿ ನಿಲ್ಲದೆ, ನೋವಿನಿಂದ ನರಳುತ್ತಿದ್ದ ಯುವಕರಿಗೆ ಗಾಂಜಾದಿಂದ ಸ್ವಲ್ಪ ನೆಮ್ಮದಿ ಸಿಗುತ್ತಿತ್ತು. ಮೇರಿ ಜೇನ್ ರಾತ್‌ಬನ್ ಎಂಬ ವಯಸ್ಸಾದ ಮಹಿಳೆ ಗಾಂಜಾ ಬೆರೆಸಿದ ಬ್ರೌನಿಗಳನ್ನು ಮನೆಯಲ್ಲಿ ಮಾಡಿ ರೋಗಿಗಳಿಗೆ ಹಂಚುತ್ತಿದ್ದರು. ಆ ಕಾರಣಕ್ಕೆ ಬಂಧನಕ್ಕೂ ಒಳಗಾದರು. ಡೆನ್ನಿಸ್ ಪೆರಾನ್ ಎಂಬಾತ ರೋಗಿಗಳಿಗಾಗಿ ಗಾಂಜಾ ಖರೀದಿದಾರರ ಸಂಘವನ್ನೇ ತೆರೆದರು. ಇಂಥವರ ಹೋರಾಟದ ಫಲವಾಗಿ 1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 215ನೇ ಪ್ರಸ್ತಾವವನ್ನು ಅಂಗೀಕರಿಸಿದರು. ವೈದ್ಯಕೀಯ ಬಳಕೆಯನ್ನು ಒಪ್ಪಿದ ಮೊದಲ ರಾಜ್ಯ ಅದು. ಆ ಶಾಸನ ಹೆಸರಿಸಿದ ಕಾಯಿಲೆಗಳಲ್ಲಿ ಕ್ಯಾನ್ಸರ್, ಏಡ್ಸ್‌ಗಳ ಜೊತೆಗೆ ಸಂಧಿವಾತ, ಅರೆತಲೆನೋವು, ದೀರ್ಘಕಾಲದ ನೋವು ಸೇರಿದ್ದವು. ಕೊನೆಯಲ್ಲಿ, ಗಾಂಜಾದಿಂದ ಉಪಶಮನ ಸಿಗುವ ಬೇರಾವುದೇ ಕಾಯಿಲೆಗೂ ಅವಕಾಶವಿತ್ತು. ಯಾವ ಕಾಯಿಲೆಗೆ ಎಷ್ಟು ಉಪಶಮನ ಎಂದು ಪರೀಕ್ಷಿಸುವ ಮೊದಲೇ ಬಾಗಿಲು ತೆರೆಯಿತು. ಕರುಣೆಯಿಂದ ಹುಟ್ಟಿದ ಕಾನೂನಿಗೆ ಪುರಾವೆ ಒದಗಿಸುವ ಕೆಲಸ ಮುಂದಿನವರ ಪಾಲಿಗೆ ಉಳಿಯಿತು.

ಗಾಂಜಾವನ್ನು ನೋವಿನ ಮದ್ದಾಗಿ ಪಶ್ಚಿಮಕ್ಕೆ ಪರಿಚಯಿಸಿದ ಶ್ರೇಯಸ್ಸಿನಲ್ಲಿ ಭಾರತಕ್ಕೂ ಪಾಲಿದೆ. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಒ’ಶಾಗ್ನೆಸಿ ಇಲ್ಲಿನ ಜನಬಳಕೆಯನ್ನು ಗಮನಿಸಿ, ಮೊದಲು ಪ್ರಾಣಿಗಳ ಮೇಲೆ, ನಂತರ ಸಂಧಿವಾತ, ಧನುರ್ವಾಯು ಮುಂತಾದ ರೋಗಿಗಳ ಮೇಲೆ ಪ್ರಯೋಗಿಸಿ, 1839ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ಅಲ್ಲಿಂದ ಮುಂದೆ ಯುರೋಪು, ಅಮೆರಿಕಗಳ ಔಷಧದಂಗಡಿಗಳಲ್ಲಿ ಅದರ ದ್ರಾವಣಗಳು ಮಾರಾಟವಾದವು. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಗಾಂಜಾ ಆಯೋಗ ನೂರಾರು ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳ ವರದಿ ನೀಡಿತು. ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣವೇ ಲೇಸು ಎಂಬುದು ಅದರ ಶಿಫಾರಸಿನ ತಿರುಳು. ಅಮೆರಿಕ ಬೇರೆ ದಾರಿ ಹಿಡಿಯಿತು. 1937ರ ತೆರಿಗೆ ಕಾನೂನಿನಿಂದ ಗಾಂಜಾ ಬಳಕೆಯನ್ನು ಅಸಾಧ್ಯವಾಗಿಸಿ, 1940ರ ದಶಕದ ಆರಂಭದಲ್ಲಿ ಅಧಿಕೃತ ಔಷಧಕೋಶದಿಂದ ಅದನ್ನು ಕೈಬಿಟ್ಟು, 1970ರಲ್ಲಿ ಹೆರಾಯಿನ್ ಜೊತೆಗೆ ಮೊದಲನೇ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿರುವ ವಸ್ತುವಿನ ಸಂಶೋಧನೆಗೆ ಪರವಾನಗಿ ಪಡೆಯುವುದೇ ಒಂದು ಸಾಹಸ. ಹೀಗಾಗಿ, ಪರೀಕ್ಷೆ ನಡೆಯಬೇಕಿದ್ದ ದಶಕಗಳು ವ್ಯರ್ಥವಾದವು.

ಆದರೂ ವಿಜ್ಞಾನ ಪೂರ್ತಿ ಕೈಕಟ್ಟಿ ಕೂರಲಿಲ್ಲ. ಇಸ್ರೇಲಿನ ರಫೇಲ್ ಮೆಶೂಲಂ ಮತ್ತು ಸಹೋದ್ಯೋಗಿಗಳು 1964ರಲ್ಲಿ ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ಅಂಶವನ್ನು ಬೇರ್ಪಡಿಸಿದರು. ನಮ್ಮ ಮಿದುಳು ಮತ್ತು ನರಗಳಲ್ಲಿ ಈ ಅಂಶ ಹೋಗಿ ಕೂರುವ ಗ್ರಾಹಕಗಳಿವೆ ಎಂಬುದು ಮುಂದೆ ತಿಳಿಯಿತು. ದೇಹವೇ ತಯಾರಿಸುವ, ಅದೇ ಗ್ರಾಹಕಗಳಿಗೆ ಹೊಂದುವ ವಸ್ತುವೊಂದನ್ನು 1992ರಲ್ಲಿ ಮೆಶೂಲಂ ತಂಡ ಪತ್ತೆಹಚ್ಚಿದಾಗ, ಅದಕ್ಕೆ ಸಂಸ್ಕೃತದ ‘ಆನಂದ’ ಪದದಿಂದ ‘ಆನಂದಮೈಡ್’ ಎಂದು ಹೆಸರಿಟ್ಟರು. ಎಂದರೆ, ಗಾಂಜಾದಿಂದ ನೋವಿನ ಅರಿವು ತಗ್ಗುವುದು ಕೇವಲ ಭ್ರಮೆಯಲ್ಲ, ಅದಕ್ಕೆ ಶಾರೀರಿಕ ಆಧಾರವಿದೆ. ಎಷ್ಟು ತಗ್ಗುತ್ತದೆ, ಯಾರಿಗೆ, ಎಷ್ಟು ದಿನ, ಯಾವ ಬೆಲೆ ತೆತ್ತು ಎಂಬುವೇ ಉಳಿದ ಪ್ರಶ್ನೆಗಳು.

2016ರ 64ನೇ ಪ್ರಸ್ತಾವದ ಮೇರೆಗೆ 2018ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ 21 ವರ್ಷ ದಾಟಿದ ಯಾರಿಗಾದರೂ ಗಾಂಜಾ ಮಾರಾಟ ಶುರುವಾಯಿತು. ವೈದ್ಯರ ಶಿಫಾರಸು ಪತ್ರ ಅನಗತ್ಯವಾಯಿತು. 2024ರ ಬೇಸಿಗೆಯಲ್ಲಿ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಯಲ್ಲಿದ್ದಾಗ ಅಂಥ ಒಂದು ಅಂಗಡಿಯನ್ನು ಒಳಹೊಕ್ಕು ನೋಡುವ ಅವಕಾಶ ನನಗೆ ಒದಗಿತು. ಪಕ್ಕದ ಮನೆಯ ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತೆರಡರ ಹಿರಿಯರು, ಬೆನ್ನಿನ ಕೆಳಭಾಗ ಮತ್ತು ಮಂಡಿಯ ನೋವಿಗೆ ಮೊದಲ ಬಾರಿ ಗಾಂಜಾ ಪ್ರಯತ್ನಿಸಲು ನಿರ್ಧರಿಸಿದ್ದರು. ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಅವರು ಹಲವು ವರ್ಷಗಳಿಂದ ನುಂಗುತ್ತಿದ್ದರು. ಸಾಮಾನ್ಯ ನೋವಿನ ಮಾತ್ರೆಗಳಲ್ಲಿ ಹೆಚ್ಚಿನವು ಅದರೊಡನೆ ಸೇರಿದರೆ ರಕ್ತಸ್ರಾವದ ಅಪಾಯ. ಅಫೀಮು ಮೂಲದ ಮಾತ್ರೆಗಳ ಚಟ ಅಮೆರಿಕದಲ್ಲಿ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದು ಅವರಿಗೆ ಗೊತ್ತಿತ್ತು. ಅವರ ಮುಂದೆ ಉಳಿದಿದ್ದ ದಾರಿಗಳು ಕೆಲವೇ.

ಬಾಗಿಲಲ್ಲಿ ಕಾವಲುಗಾರ ಗುರುತಿನ ಚೀಟಿ ನೋಡಿದ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಹೂಗೊಂಚಲು, ಎಣ್ಣೆ, ಮುಲಾಮು, ಚಾಕೊಲೇಟು, ‘ಗಮ್ಮಿ’ ಎಂಬ ಹಣ್ಣಿನ ರುಚಿಯ ಮೆತ್ತನೆಯ ಮಿಠಾಯಿ. ಒಡವೆ ಅಂಗಡಿಯ ಅಚ್ಚುಕಟ್ಟು, ಔಷಧದಂಗಡಿಯ ಮೌನ. ‘ಬಡ್‌ಟೆಂಡರ್’ ಎಂದು ಕರೆಯಲಾಗುವ ಮಾರಾಟ ಸಹಾಯಕ ಇಪ್ಪತ್ತೈದರ ಆಸುಪಾಸಿನ ಸಭ್ಯ ಯುವಕ. ನೋವು ಎಲ್ಲಿ, ನಿದ್ರೆ ಹೇಗಿದೆ ಎಂದು ಕೇಳಿದ. ಟಿಎಚ್‌ಸಿ ಮತ್ತು ಅಮಲೇರಿಸದ ಸಿಬಿಡಿ ಸಮಪ್ರಮಾಣದಲ್ಲಿರುವ ಗಮ್ಮಿಯನ್ನು ಸೂಚಿಸಿದ. ಸ್ವಲ್ಪದಿಂದ ಆರಂಭಿಸಿ, ಎರಡು ಗಂಟೆ ಕಾಯದೆ ಇನ್ನೊಂದು ತಿನ್ನಬೇಡಿ ಎಂದು ಎಚ್ಚರಿಸಿದ. ಅದು ಸರಿಯಾದ ಸಲಹೆಯೇ. ಹೊಗೆಯಾಗಿ ಸೇದಿದ ಗಾಂಜಾ ನಿಮಿಷಗಳಲ್ಲಿ ಪರಿಣಾಮ ತೋರಿದರೆ, ತಿಂದದ್ದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು; ಅಷ್ಟರಲ್ಲಿ ಸಹನೆಗೆಟ್ಟು ಮತ್ತೆ ತಿಂದವರು ಆಸ್ಪತ್ರೆ ಸೇರುವುದುಂಟು. ಆದರೆ ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಆತ ಕೇಳಲಿಲ್ಲ. ಹಾಗೆ ಕೇಳುವ ತರಬೇತಿ ಅವನಿಗಿರಲಿಲ್ಲ. ಇಪ್ಪತ್ತು ಡಾಲರಿನ ಡಬ್ಬಿಗೆ ಅಬಕಾರಿ ಸುಂಕ, ನಗರ ತೆರಿಗೆ, ಮಾರಾಟ ತೆರಿಗೆಗಳು ಸೇರಿ ಮೊತ್ತ ಇಪ್ಪತ್ತೇಳರ ಹತ್ತಿರ ಬಂತು. ನಗದು ಪಾವತಿ ಮಾತ್ರ.

ಶಿಕ್ಷಕಿ ಶಿಸ್ತಿನ ಹೆಂಗಸು. ಪ್ರತಿದಿನ ಸಂಜೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ರಾತ್ರಿ ಎಷ್ಟು ಗಂಟೆ ನಿದ್ರೆ ಎಂದು ಪುಸ್ತಕದಲ್ಲಿ ಬರೆದಿಟ್ಟರು. ಎರಡೂವರೆ ಮಿಲಿಗ್ರಾಂ ಟಿಎಚ್‌ಸಿಯಿಂದ ಆರಂಭಿಸಿ ಐದಕ್ಕೆ ನಿಂತರು. ಮೂರು ತಿಂಗಳಲ್ಲಿ ನೋವಿನ ಅಂಕ ಏಳರಿಂದ ಆರಕ್ಕೆ ಇಳಿಯಿತು. ನಿದ್ರೆ ನಾಲ್ಕು ಗಂಟೆಯಿಂದ ಆರಕ್ಕೆ ಏರಿತು. “ನೋವು ಇದ್ದಲ್ಲೇ ಇದೆ, ಆದರೆ ರಾತ್ರಿ ನನ್ನನ್ನು ಎಬ್ಬಿಸುವುದಿಲ್ಲ” ಎಂದು ಅವರು ಹೇಳಿದ್ದು ನನಗೆ ಪ್ರಾಮಾಣಿಕ ವರದಿಯಾಗಿ ಕಂಡಿತು. ಇದರ ನಡುವೆ ಒಂದು ಘಟನೆ ನಡೆಯಿತು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಅವರ ರಕ್ತ ಇರಬೇಕಾದುದಕ್ಕಿಂತ ತೆಳುವಾಗಿರುವುದು ಕಂಡುಬಂತು. ಸಿಬಿಡಿ ಯಕೃತ್ತಿನಲ್ಲಿ ವಾರ್ಫರಿನ್ ಕರಗುವ ವೇಗವನ್ನು ತಗ್ಗಿಸಬಲ್ಲದು ಎಂದು ವೈದ್ಯರು ವಿವರಿಸಿ, ಮಾತ್ರೆಯ ಪ್ರಮಾಣವನ್ನು ಇಳಿಸಿ, ಸಿಬಿಡಿ ಕಡಿಮೆಯಿರುವ ಗಮ್ಮಿಗೆ ಬದಲಾಗಲು ಹೇಳಿದರು. ಪರೀಕ್ಷೆ ಒಂದು ತಿಂಗಳು ತಡವಾಗಿ, ಅವರೆಲ್ಲಾದರೂ ಜಾರಿಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು.

ಈ ಅನುಭವ ಒಬ್ಬರದು. ಆದರೆ ವ್ಯವಸ್ಥಿತ ಅಧ್ಯಯನಗಳು ಹೇಳುವುದೂ ಇದರಿಂದ ಬಹಳ ದೂರವಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿ ದೀರ್ಘಕಾಲದ ನೋವಿಗೆ ಗಾಂಜಾ ಪರಿಣಾಮಕಾರಿ ಎನ್ನಲು ಗಣನೀಯ ಪುರಾವೆಯಿದೆ ಎಂದಿತು. ಮರುವರ್ಷ, ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧಕರು ಆ ಪರಿಣಾಮ ಎಷ್ಟು ಸಣ್ಣದೆಂದು ಲೆಕ್ಕ ಹಾಕಿದರು. ಗಾಂಜಾ ಮೂಲದ ಔಷಧ ಪಡೆದವರಲ್ಲಿ ಶೇ 29ರಷ್ಟು ಮಂದಿಗೆ ನೋವು ಮೂರನೇ ಒಂದು ಭಾಗದ ಹತ್ತಿರ ತಗ್ಗಿದರೆ, ಹುಸಿ ಮಾತ್ರೆ ಪಡೆದವರಲ್ಲೂ ಶೇ 26ರಷ್ಟು ಮಂದಿಗೆ ಹಾಗೆಯೇ ಆಗಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬಾರದೆಂದು 2019ರಲ್ಲಿ ಸೂಚಿಸಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವೂ 2021ರಲ್ಲಿ ಅನುಮೋದನೆ ನೀಡಲು ಹಿಂಜರಿಯಿತು. ಬೆನ್ನುನೋವಿನ 820 ರೋಗಿಗಳ ಮೇಲೆ ನಡೆಸಿದ, 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಮಾಣೀಕೃತ ಗಾಂಜಾ ಸಾರ ನೋವಿನ ಅಂಕವನ್ನು 1.9ರಷ್ಟು ಇಳಿಸಿತು, ಹುಸಿ ಔಷಧದ ಗುಂಪಿನಲ್ಲಿ ಆ ಇಳಿಕೆ 1.3. ವ್ಯತ್ಯಾಸ ನಿಜ, ಆದರೆ ಪವಾಡವಲ್ಲ.

ಗಾಂಜಾ ಕಾನೂನುಬದ್ಧವಾದರೆ ಅಫೀಮು ಮಾತ್ರೆಗಳ ಸಾವು ತಗ್ಗುತ್ತದೆ ಎಂಬ ವಾದಕ್ಕೂ ಇದೇ ಗತಿಯಾಯಿತು. ವೈದ್ಯಕೀಯ ಗಾಂಜಾ ಕಾನೂನಿರುವ ರಾಜ್ಯಗಳಲ್ಲಿ ಅಂಥ ಸಾವು ಸುಮಾರು ಶೇ 25ರಷ್ಟು ಕಡಿಮೆ ಎಂದು 1999ರಿಂದ 2010ರವರೆಗಿನ ಅಂಕಿಅಂಶ ಆಧರಿಸಿ 2014ರಲ್ಲಿ ಒಂದು ಅಧ್ಯಯನ ಹೇಳಿತು. ಪತ್ರಿಕೆಗಳು ಅದನ್ನು ಸಂಭ್ರಮಿಸಿದವು. ಅದೇ ವಿಧಾನವನ್ನು 2017ರವರೆಗಿನ ಅಂಕಿಗಳಿಗೆ ವಿಸ್ತರಿಸಿದಾಗ ಸಂಬಂಧ ತಲೆಕೆಳಗಾಗಿ, ಅಂಥ ರಾಜ್ಯಗಳಲ್ಲೇ ಸಾವು ಹೆಚ್ಚೆಂದು ಕಂಡಿತು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ.

ಇಷ್ಟು ಸಣ್ಣ ಪ್ರಯೋಜನವೂ ಅಲಕ್ಷಿಸತಕ್ಕದ್ದಲ್ಲ. ರಾತ್ರಿ ಎರಡು ಗಂಟೆ ಹೆಚ್ಚು ನಿದ್ರೆ ನೋವಿನಲ್ಲಿರುವವರಿಗೆ ದೊಡ್ಡ ವರ. ಆದರೆ ಪ್ರಯೋಜನ ಸಣ್ಣದಾದಷ್ಟೂ ಪ್ರಮಾಣ, ಗುಣಮಟ್ಟ, ಇತರ ಔಷಧಗಳೊಡನೆ ಹೊಂದಾಣಿಕೆ ಇವುಗಳ ಎಚ್ಚರ ಹೆಚ್ಚು ಬೇಕಾಗುತ್ತದೆ. ಅಂಗಡಿಯಲ್ಲಿ ಇಲ್ಲದಿರುವುದು ಇದೇ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಸಿಯಾಟಲ್ ನಗರಗಳ ಡಿಸ್ಪೆನ್ಸರಿಗಳಿಂದ ಕೊಂಡ 75 ತಿನಿಸುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 17ರ ಮೇಲಿನ ವಿವರ ಮಾತ್ರ ಸರಿಯಾಗಿತ್ತು. 2018ರ ನಂತರ ಕ್ಯಾಲಿಫೋರ್ನಿಯಾ ಪ್ರಯೋಗಾಲಯದ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ತಿನಿಸಿನ ಒಂದು ಪಾಲಿಗೆ 10 ಮಿಲಿಗ್ರಾಂ, ಒಂದು ಡಬ್ಬಿಗೆ 100 ಮಿಲಿಗ್ರಾಂ ಮಿತಿ ಹಾಕಿ ಪರಿಸ್ಥಿತಿಯನ್ನು ಸುಧಾರಿಸಿದೆ. ಸಲಹೆಯ ವಿಷಯ ಮಾತ್ರ ಬೇರೆ. ಕೊಲರಾಡೊದ 400 ಡಿಸ್ಪೆನ್ಸರಿಗಳಿಗೆ ಸಂಶೋಧಕರು ಗರ್ಭಿಣಿಯ ಸೋಗಿನಲ್ಲಿ ದೂರವಾಣಿ ಮಾಡಿ ಬೆಳಗಿನ ವಾಕರಿಕೆಗೆ ಏನು ಮಾಡಲೆಂದು ಕೇಳಿದಾಗ, ಶೇ 69ರಷ್ಟು ಅಂಗಡಿಗಳು ಗಾಂಜಾ ಶಿಫಾರಸು ಮಾಡಿದ್ದನ್ನು 2018ರ ವರದಿ ದಾಖಲಿಸಿದೆ. ಕ್ಯಾಲಿಫೋರ್ನಿಯಾದಲ್ಲಿ 65 ದಾಟಿದವರು ಗಾಂಜಾ ಸಂಬಂಧಿತ ತೊಂದರೆಯೊಡನೆ ತುರ್ತುಚಿಕಿತ್ಸಾ ಘಟಕಕ್ಕೆ ಬಂದ ಪ್ರಕರಣಗಳು 2005ರಲ್ಲಿ 366 ಇದ್ದದ್ದು 2019ರಲ್ಲಿ 12 ಸಾವಿರ ದಾಟಿದ್ದವು.

ಇದಕ್ಕೆ ಅಂಗಡಿಯವರನ್ನು ದೂರಿ ಫಲವಿಲ್ಲ. ವೃತ್ತಿಜೀವನದಲ್ಲಿ ಕೆಲವು ವರ್ಷ ಅಬಕಾರಿ ಆಡಳಿತವನ್ನು ಹತ್ತಿರದಿಂದ ಕಂಡ ನನಗೆ ಅಲ್ಲಿನ ತರ್ಕ ಪರಿಚಿತವೇ. ವ್ಯಾಪಾರಿಗೆ ಮತ್ತೆ ಮತ್ತೆ ಬರುವ ಗ್ರಾಹಕ ಬೇಕು. ಸರ್ಕಾರಕ್ಕೆ ನಿಲ್ಲದ ವರಮಾನ ಬೇಕು. ಕ್ಯಾಲಿಫೋರ್ನಿಯಾಗೆ ಗಾಂಜಾ ತೆರಿಗೆಯಿಂದ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಬರುತ್ತದೆ. 64ನೇ ಪ್ರಸ್ತಾವದ ಪ್ರಕಾರ, ಔಷಧವಾಗಿ ಗಾಂಜಾದ ಗುಣದೋಷಗಳ ಸಂಶೋಧನೆಗೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರಕ್ಕೆ ಮೀಸಲಿಟ್ಟದ್ದು ವರ್ಷಕ್ಕೆ 20 ಲಕ್ಷ ಡಾಲರ್. ಕಾನೂನಿನ ಪರಿಣಾಮಗಳ ಅಧ್ಯಯನಕ್ಕೆಂದು ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಮತ್ತೊಂದು ಕೋಟಿ ಡಾಲರ್ ಇದೆ, ನಿಜ. ಆದರೆ ಈ ಮದ್ದು ಕೆಲಸ ಮಾಡುತ್ತದೆಯೇ ಎಂಬ ಮೂಲ ಪ್ರಶ್ನೆಯ ಪಾಲು ನೂರು ಡಾಲರಿಗೆ ಇಪ್ಪತ್ತು ಸೆಂಟು.

ವೈದ್ಯರು ಏಕೆ ಮುಂದೆ ಬರುವುದಿಲ್ಲ? ಕೇಂದ್ರ ಕಾನೂನಿನ ಕಾರಣ ಅಲ್ಲಿನ ವೈದ್ಯರು ಗಾಂಜಾವನ್ನು ‘ಶಿಫಾರಸು’ ಮಾಡಬಹುದು, ಚೀಟಿ ಬರೆಯುವಂತಿಲ್ಲ. ರಾಜ್ಯ ಒಪ್ಪಿದರೂ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಬಹುದೆಂದು 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಡಿಸ್ಪೆನ್ಸರಿಯ ಬಿಲ್ಲು ಭರಿಸುವುದಿಲ್ಲ. ಡೆಬಿಟ್ ಕಾರ್ಡಿನಲ್ಲಿ ಗಾಂಜಾ ಖರೀದಿಯನ್ನು ನಿಲ್ಲಿಸುವಂತೆ ಮಾಸ್ಟರ್‌ಕಾರ್ಡ್ 2023ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರಲ್ಲಿ ಹೊರಬಿದ್ದು, 2025ರ ಡಿಸೆಂಬರ್‌ನಲ್ಲಿ ಅದನ್ನು ಚುರುಕುಗೊಳಿಸುವ ಆದೇಶಕ್ಕೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಆ ಪಟ್ಟಿಗೆ ಇಳಿದರೂ ಅದು ನಿಯಂತ್ರಿತ ವಸ್ತುವೇ.

ಈ ಮಾತು ಅಲ್ಲಿಗೆ ಹೋಗುವ ನಮ್ಮವರಿಗೆ ಮುಖ್ಯ. ಮಕ್ಕಳ ಮನೆಗೆಂದು ಹೋಗುವ ಕನ್ನಡಿಗ ತಂದೆತಾಯಂದಿರಲ್ಲಿ ಮಂಡಿನೋವಿಲ್ಲದವರು ಅಪರೂಪ, ನನಗೂ ಅದಿದೆ. ಪಾಸ್‌ಪೋರ್ಟ್ ತೋರಿಸಿದರೆ ಅಂಗಡಿಯವರು ನಮಗೂ ಮಾರುತ್ತಾರೆ. ಆದರೆ ವಲಸೆ ವಿಷಯ ಕೇಂದ್ರ ಕಾನೂನಿಗೆ ಸೇರಿದ್ದು. ಗಾಂಜಾ ಬಳಸಿದ್ದಾಗಿ ವಿದೇಶಿಯೊಬ್ಬ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಮುಂದಿನ ಪ್ರವೇಶಕ್ಕೇ ತಡೆ ಬೀಳಬಹುದು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಸಂಬಂಧಿತ ಚಟುವಟಿಕೆ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದೆಂದು ಅಮೆರಿಕದ ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿದೆ. ಉಳಿದ ಗಮ್ಮಿಯನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ತಂದರೆ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಕಾದಿರುತ್ತದೆ. ಕ್ಯಾಲಿಫೋರ್ನಿಯಾದ ರಸೀದಿಗೆ ಅಲ್ಲಿ ಬೆಲೆಯಿಲ್ಲ. ಆ ಅಂಗಡಿಯಿಂದ ನಾನು ಬರಿಗೈಯಲ್ಲಿ ಹೊರಬಂದದ್ದು ಈ ಲೆಕ್ಕಾಚಾರದಿಂದ.

ಹಾಗೆಂದು ನಮ್ಮ ವ್ಯವಸ್ಥೆ ಮೇಲೆಂದು ಬೀಗುವಂತಿಲ್ಲ. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ನಿನ ಗುಣ ಸಂದೇಹಾತೀತ. ಆದರೂ ಎನ್‌ಡಿಪಿಎಸ್ ಕಾಯ್ದೆಯ ಪರವಾನಗಿಗಳ ಕಾಟಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಸುಮಾರು ಒಂದು ದಶಕದಲ್ಲಿ ಅದರ ವೈದ್ಯಕೀಯ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಆ ತಪ್ಪನ್ನು ತಿದ್ದುವ ತಿದ್ದುಪಡಿ ಬಂದದ್ದು 2014ರಲ್ಲಿ. ಅಷ್ಟರಲ್ಲಿ ಎಷ್ಟು ಮಂದಿ ನರಳುತ್ತಲೇ ಕಣ್ಣುಮುಚ್ಚಿದರೋ! ಅಲ್ಲಿ ಅರೆಬರೆ ಪುರಾವೆಯ ಮದ್ದು ಬೀದಿಬದಿಯಲ್ಲಿ ಸಿಗುತ್ತದೆ; ಇಲ್ಲಿ ಪೂರ್ಣ ಪುರಾವೆಯ ಮದ್ದು ಬೀಗದೊಳಗಿತ್ತು. ಎರಡೂ ಕಡೆ ಕಾನೂನು ಮದ್ದಿನ ಕಡೆ ನೋಡಿತೇ ಹೊರತು ನೋವಿನ ಕಡೆ ನೋಡಲಿಲ್ಲ.

1961ರ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಗಾಂಜಾವನ್ನು ತೆಗೆಯುವ ಪ್ರಸ್ತಾವಕ್ಕೆ 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ 27 ದೇಶಗಳು ಒಪ್ಪಿಗೆ ಸೂಚಿಸಿದವು. ಅವುಗಳಲ್ಲಿ ಭಾರತವೂ ಇತ್ತು. ಇಲ್ಲಿಯೂ ಈ ಚರ್ಚೆ ಬಲಗೊಳ್ಳಲಿದೆ ಎಂಬುದಕ್ಕೆ ಇದು ಸೂಚನೆ. ಆಗ ಕ್ಯಾಲಿಫೋರ್ನಿಯಾದಿಂದ ಕಲಿಯಬೇಕಾದ ಮಾತುಗಳು ಎರಡು. ನೋವಿನಲ್ಲಿರುವವರನ್ನು ಪೊಲೀಸರ ಭಯದಿಂದ ಬಿಡಿಸುವುದು ನಾಗರಿಕ ಸಮಾಜದ ಕರ್ತವ್ಯ. ಅದನ್ನು ಆ ರಾಜ್ಯ ಧೈರ್ಯವಾಗಿ ಮಾಡಿತು. ಆದರೆ ಹಾಗೆ ಬಿಡಿಸಿ ಅಂಗಡಿಯ ಕೈಗೆ ಒಪ್ಪಿಸಿದರೆ ಕೆಲಸ ಅರ್ಧವಾದಂತೆ. ಪ್ರಮಾಣ ನಿಗದಿಪಡಿಸುವ ವೈದ್ಯರು, ಇತರ ಮಾತ್ರೆಗಳನ್ನು ವಿಚಾರಿಸುವ ಔಷಧ ತಜ್ಞರು, ಗುಣ ಕಂಡಿತೋ ಇಲ್ಲವೋ ಎಂದು ಬರೆದಿಡುವ ದಾಖಲೆ, ತೆರಿಗೆಯ ಹಣದಲ್ಲಿ ಸಂಶೋಧನೆಗೆ ನ್ಯಾಯವಾದ ಪಾಲು - ಇವಿಷ್ಟೂ ಇದ್ದರೆ ಮಾತ್ರ ಮದ್ದು ಮದ್ದಾಗುತ್ತದೆ. ನೆರೆಮನೆಯ ಶಿಕ್ಷಕಿ ನೋಟುಪುಸ್ತಕದಲ್ಲಿ ಒಬ್ಬರೇ ಮಾಡಿದ ಆ ಲೆಕ್ಕವನ್ನು ರೋಗಿಗಳೆಲ್ಲರ ಪರವಾಗಿ ಮಾಡುವುದು ಸರ್ಕಾರದ ಹೊಣೆ.